ಬಂಡೂರಿನಲ್ಲಿ ಕುರಿ ಎಣಿಸಿದ್ದು

ನಾನು ನೌಕರಿ ಮಾಡಿದ ಊರುಗಳು ನನಗೆ ಕನಸಿನಲ್ಲಿ ಬರುವುದಿಲ್ಲ. ಬರುವುದು ಕುರಿಗಳು. ಮಧ್ಯಾಹ್ನ ಊಟ ಮುಗಿಸಿ, ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಪತ್ರಿಕೆಯನ್ನು ಮುಖದ ಮೇಲೆ ಹೊದ್ದುಕೊಂಡರೆ ಸಾಕು, ನಾಲೆಯ ಏರಿಯ ಮೇಲಿನ ಮಂಜಿನೊಳಗಿಂದ ಒಂದೊಂದಾಗಿ ಇಳಿದು ಬರುತ್ತವೆ. ಗಿಡ್ಡ ಕಾಲು, ದುಂಡು ಮೈ, ಕಂದು ಮುಖ. ಗೊರಸಿನ ಸಪ್ಪಳ ಕೂಡ ಇಲ್ಲ. ನಾನು ಎಣಿಸಲು ಶುರು ಮಾಡುತ್ತೇನೆ, ಮೂರಕ್ಕೆ ಬರುವಷ್ಟರಲ್ಲಿ ಎಚ್ಚರವಾಗುತ್ತದೆ. "ಮತ್ತೆ ಕುರಿಯಾ?" ಎಂದು ಕೇಳಿ ನನ್ನ ಹೆಂಡತಿ ಕಾಫಿಗೆ ನೀರಿಡುತ್ತಾಳೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಅವಳಿಗೆ ನನ್ನ ಕನಸುಗಳ ಮೇಲೆ ಹೆಚ್ಚಿನ ನಿರೀಕ್ಷೆಯೇನೂ ಉಳಿದಿಲ್ಲ.

ಇದು ಎಪ್ಪತ್ತರ ದಶಕದ ಮಾತು. ಆಗ ನಾನು ಮಳವಳ್ಳಿ ಕಡೆಯ ಒಂದು ಪಶು ಚಿಕಿತ್ಸಾಲಯಕ್ಕೆ ಹೊಸದಾಗಿ ಬಂದ ಡಾಕ್ಟರು. ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ. ನಮ್ಮಲ್ಲಿ ದನವುಂಟು, ಎಮ್ಮೆಯುಂಟು, ಕೋಳಿಯಂತೂ ಕಾಳಗದ ಅಂಕಕ್ಕೆ ಇಳಿಸುವಷ್ಟು ಉಂಟು. ಕುರಿ ಮಾತ್ರ ಇಲ್ಲ. ನಾನು ಕುರಿಯನ್ನು ಮೊದಲು ಹತ್ತಿರದಿಂದ ಕಂಡದ್ದು ಕಾಲೇಜಿನಲ್ಲಿ, ಅದೂ ಅದು ಮೇಜಿನ ಮೇಲೆ ಮಲಗಿದ್ದಾಗ. ಅಂಥವನನ್ನು ಸರ್ಕಾರವು ಕುರಿಗೆ ಹೆಸರಾದ ಸೀಮೆಗೇ ಕಳಿಸಿತು. ಸರ್ಕಾರಕ್ಕೂ ಆಗಾಗ ತಮಾಷೆ ಮಾಡಬೇಕೆನಿಸುತ್ತದೆ.

ಹೊರಡುವಾಗ ಬಂಧುಗಳೊಬ್ಬರು ಎಚ್ಚರಿಸಿದ್ದರು: ಮಂಡ್ಯದ ಕಡೆಯವರ ಮಾತು ಒರಟು, ಮನಸ್ಸು ಒಳ್ಳೆಯದು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡ. ಮೊದಲ ದಿನವೇ ಅದಕ್ಕೆ ಪುರಾವೆ ಸಿಕ್ಕಿತು. ಎತ್ತು ಹಿಡಿದುಕೊಂಡು ಬಂದಿದ್ದ ಗೌಡರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನೆದುರಿಗೇ ಕಾಂಪೌಂಡರನಿಗೆ, "ಇದೇನ್ಲಾ ಮರಿಸ್ವಾಮಿ, ಡಾಕ್ಟ್ರು ಇಷ್ಟ್ ಸಣ್ಣಗವ್ರೆ. ಎತ್ತು ಒದ್ರೆ ಆರೋಯ್ತಾರೆ ಕಣ್ಲಾ" ಎಂದರು. ನಮ್ಮೂರಲ್ಲಾದರೆ ಇಂಥ ಮಾತನ್ನು ಹೇಳುವುದಕ್ಕೆ ಮೊದಲು ಅರ್ಧ ಗಂಟೆ ಕುಶಲ ವಿಚಾರಿಸಿ, ನಾನು ಹೋದ ಮೇಲೆ ಹೇಳುತ್ತಿದ್ದರು. ನನಗೆ ಸಿಟ್ಟು ಬರಲಿಲ್ಲ, ಸಂತೋಷವೇ ಆಯಿತು. ಈ ಜನರ ಬಾಯಿಗೂ ಮನಸ್ಸಿಗೂ ನಡುವೆ ಬಾಗಿಲೇ ಇಲ್ಲ, ಇವರು ಹೇಳಿದ್ದನ್ನು ಕಣ್ಣು ಮುಚ್ಚಿ ನಂಬಬಹುದು ಎಂದು ಡೈರಿಯಲ್ಲಿ ಬರೆದಿಟ್ಟೆ. ಊರಿಗೆ ಬಂದು ವಾರ ತುಂಬುವ ಮೊದಲೇ ಆ ಊರಿನ ಜನರ ಸ್ವಭಾವ ಬರೆಯುವವನು ಎಂಥ ಜಾಣ ಎಂದು ನೀವೇ ಊಹಿಸಿ.

ಆ ವರ್ಷ ಚಳಿಗಾಲದಲ್ಲಿ ಹೊಳೆಯಾಚೆಯ ಹಳ್ಳಿಗಳಲ್ಲಿ ಕುರಿಗಳಿಗೆ ಸಿಡುಬು ಬಂದಿದೆಯೆಂದು ಸುದ್ದಿಯಾಯಿತು. ನಮ್ಮ ಚಿಕಿತ್ಸಾಲಯಕ್ಕೆ ಸೇರಿದ ಬಂಡೂರಿನಲ್ಲಿ ಇನ್ನೂ ಕಾಣಿಸಿರಲಿಲ್ಲ. ಕಾಣಿಸುವ ಮೊದಲೇ ಊರಿನ ಕುರಿಗಳಿಗೆಲ್ಲ ಲಸಿಕೆ ಹಾಕಬೇಕು, ಅದಕ್ಕೆ ಎಷ್ಟು ಕುರಿಗಳಿವೆಯೆಂದು ಲೆಕ್ಕ ಬರೆದು ಮಂಡ್ಯಕ್ಕೆ ಕಳಿಸಬೇಕು. ನಾನು ಪುಸ್ತಕ ಹಿಡಿದು ಬೆಳಿಗ್ಗೆ ಮನೆಮನೆಗೆ ಹೊರಟೆ. ಮರಿಸ್ವಾಮಿ ಛತ್ರಿ ಹಿಡಿದು ಹಿಂದೆ ಬಂದ. ಈತ ಅಲ್ಲೇ ಪಕ್ಕದ ಹಳ್ಳಿಯವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಮಾತು ಕಡಿಮೆ.

"ಎಷ್ಟು ಕುರಿಗಳಿವೆ?" ಎಂದು ನಾನು ಪ್ರತಿ ಬಾಗಿಲಲ್ಲೂ ಕೇಳಿದೆ. "ಏನೋ ಎಲ್ಡ್ ಮೂರ್ ಅವೆ ಬುಡಿ ಸಾಮಿ" ಎಂದು ಪ್ರತಿ ಬಾಗಿಲಲ್ಲೂ ಉತ್ತರ ಬಂತು. ನಾನು ಎಲ್ಲೂ ಎರಡು ಎಂದು ಬರೆಯಲಿಲ್ಲ, ಧಾರಾಳವಾಗಿ ಮೂರು ಎಂದೇ ಬರೆದುಕೊಂಡೆ. ಕೊಟ್ಟಿಗೆಗಳು ಮನೆಯ ಹಿಂದಿದ್ದವು. ಇಣುಕಿ ನೋಡುವುದು ಸಭ್ಯತೆಯಲ್ಲ ಎಂದು ನಮ್ಮಲ್ಲಿ ಕಲಿಸಿದ್ದರು, ಆದ್ದರಿಂದ ಇಣುಕಲಿಲ್ಲ.

ಊರ ಕೊನೆಯ ಮನೆ ಸಣ್ಣತಾಯಮ್ಮನವರದು. ಐವತ್ತು ದಾಟಿದ ಹೆಂಗಸು. ಗಂಡ ಹೋದ ಮೇಲೆ ಮನೆಯನ್ನು ಎತ್ತಿ ನಿಲ್ಲಿಸಿದ್ದು ಅವರ ಕುರಿಗಳು, ಅವು ಬಿಟ್ಟರೆ ಅವರಿಗೆ ಬೇರೆ ಆಧಾರವಿಲ್ಲ ಎಂದು ದಾರಿಯಲ್ಲಿ ಮರಿಸ್ವಾಮಿ ಹೇಳಿದ್ದ. ಜಗಲಿಯ ಕಂಬಕ್ಕೆ ಒಂದು ಟಗರು ಕಟ್ಟಿತ್ತು. ಬೆಳಗಿನ ಎಳೆಬಿಸಿಲಲ್ಲಿ ಅದರ ಮೈ ಬೆಣ್ಣೆಯ ಹಾಗೆ ಕಾಣುತ್ತಿತ್ತು. ನಾನು ನಿಂತು, ಮನಸಾರೆ, "ಇಡೀ ತಾಲ್ಲೂಕಿನಲ್ಲಿ ಇಂಥ ಟಗರಿಲ್ಲ ತಾಯಿ" ಎಂದೆ. ಅವರು ನಗಲಿಲ್ಲ. ಇವರಿಗೂ ಮೂರೇ ಕುರಿ ಎಂದಾಯಿತು. ನಾನು ತಿರುಗಿ ನಾಲ್ಕು ಹೆಜ್ಜೆ ಹಾಕಿದಾಗ ಅವರು ಬಗ್ಗಿ, ನಾನು ನಿಂತಿದ್ದ ಜಾಗದಿಂದ ಒಂದು ಚಿಟಿಕೆ ಮಣ್ಣು ತೆಗೆದುಕೊಂಡದ್ದು ಕಾಣಿಸಿತು. ನನಗೆ ಕಣ್ಣು ತುಂಬಿ ಬಂತು. ಪಾದಧೂಳಿ! ಇಪ್ಪತ್ತನಾಲ್ಕು ವರ್ಷದ ಹುಡುಗನ ಮೇಲೆ, ಅವನ ವಿದ್ಯೆಯ ಮೇಲೆ, ಈ ಜನಕ್ಕೆ ಎಂಥ ಗೌರವ ಎಂದುಕೊಂಡು ಸೈಕಲ್ ಏರಿದೆ.

ಆ ಮಣ್ಣನ್ನು ಅವರು ಟಗರಿಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದರೆಂದು, ನನ್ನ ಕೆಟ್ಟ ಕಣ್ಣು ಅಲ್ಲಿ ಚಟಚಟ ಉರಿಯಿತೆಂದು ತಿಳಿದದ್ದು ಬಹಳ ದಿನಗಳ ಮೇಲೆ.

ಒಟ್ಟು ನಲವತ್ತೆರಡು ಬಂತು. ಐವತ್ತು ಎಂದು ಬರೆದು ಕಳಿಸಲು ಕಾಗದ ಸಿದ್ಧ ಮಾಡಿದೆ. ಮರಿಸ್ವಾಮಿ ಅದನ್ನು ನೋಡಿ, "ಇಷ್ಟ್ ಸಾಕಾ ಸಾ?" ಎಂದ.

"ಸಾಕು. ಎಂಟು ಹೆಚ್ಚಿಗೆಯೇ ಹಾಕಿದ್ದೇನೆ" ಎಂದೆ.

"ಓದಿರೋರು, ನಿಮ್ಗ್ ಗೊತ್ತಿರ್ತದೆ ಬುಡಿ" ಎಂದ. ಅದನ್ನೂ ನಾನು ಹೊಗಳಿಕೆಯೆಂದೇ ತಿಳಿದೆ.

ಈಗ ಕಚೇರಿಗಳಲ್ಲಿ ಇದಕ್ಕೆಲ್ಲ ತರಬೇತಿ ಕೊಡುತ್ತಾರಂತೆ. ಬೇರೆ ಸೀಮೆಯ, ಬೇರೆ ನಡೆನುಡಿಯ ಜನರೊಂದಿಗೆ ಹೇಗೆ ಕೆಲಸ ಮಾಡಬೇಕು ಎಂದು ಎರಡು ದಿನ ಕೂರಿಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರಂತೆ. ಒಳ್ಳೆಯದೇ. ಆದರೆ ನನ್ನ ಅನುಭವದಲ್ಲಿ ಏನೂ ತಿಳಿಯದವನು ಅಷ್ಟು ಅಪಾಯವಲ್ಲ, ಅವನು ಕೇಳಿ ಕೇಳಿ ನಡೆಯುತ್ತಾನೆ. ಅರ್ಧ ತಿಳಿದವನು ನಿಶ್ಚಿಂತೆಯಿಂದ ಬಾವಿಗೆ ಬೀಳುತ್ತಾನೆ. ಇವರು ನೇರ ಮಾತಿನವರು ಎಂಬುದು ನನಗೆ ತಿಳಿದಿತ್ತು. ಯಾವ ವಿಷಯದಲ್ಲಿ ನೇರ, ಯಾವುದರಲ್ಲಿ ಅಲ್ಲ ಎಂಬುದು ತಿಳಿದಿರಲಿಲ್ಲ.

ಲಸಿಕೆಯ ದಿನ ಊರ ಮುಂದಿನ ಹುಣಸೆ ತೋಪಿನಲ್ಲಿ ಮೇಜು ಹಾಕಿಕೊಂಡು ಕೂತೆ. ಸುತ್ತಲೂ ಮಂಜು. ನಾಲೆಯ ನೀರು ಎಲ್ಲೋ ನಿದ್ದೆಯಲ್ಲಿ ಮಾತಾಡುತ್ತಿದ್ದ ಹಾಗಿತ್ತು. ಆಗ ಏರಿಯ ಮೇಲಿಂದ ಕುರಿಗಳು ಇಳಿಯತೊಡಗಿದವು. ಮೊದಲು ಐದು, ಆಮೇಲೆ ಹತ್ತು, ಆಮೇಲೆ ಮಂಜೇ ಕುರಿಗಳಾಗಿ ಇಳಿಯುತ್ತಿದೆಯೇನೋ ಎನ್ನುವ ಹಾಗೆ, ಒಂದರ ಬೆನ್ನಿಗೆ ಒಂದು, ನಿಲ್ಲದೆ. ಎಷ್ಟು ಚೆಂದವಿತ್ತೆಂದರೆ ಕೆಲವು ಕ್ಷಣ ನಾನು ಯಾಕೆ ಅಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಇನ್ನೂರಕ್ಕೆ ಕಡಿಮೆಯಿಲ್ಲ. ಐಸ್ ತುಂಬಿದ ನನ್ನ ಫ್ಲಾಸ್ಕಿನಲ್ಲಿ ಐವತ್ತಕ್ಕೆ ಆಗುವಷ್ಟು ಮದ್ದು.

ಮೊದಲು ಬಂದವರಿಗೆ ಮೊದಲು ಎಂದು ಹಾಕುತ್ತ ಹೋದೆ. ಸಾಲಿನ ಕೊನೆಯಲ್ಲಿ ಸಣ್ಣತಾಯಮ್ಮ ಆ ಟಗರನ್ನು ಮುಂದಿಟ್ಟುಕೊಂಡು, ಹಿಂದೆ ಮೂವತ್ತರಷ್ಟು ಕುರಿಮರಿಗಳೊಂದಿಗೆ ನಿಂತಿದ್ದರು. ಅವರವರೆಗೆ ಬರುವ ಎಷ್ಟೋ ಮೊದಲೇ ಮದ್ದು ಮುಗಿಯಿತು. ನಾನು ಎದ್ದು ಹೋಗಿ, ಸ್ವಲ್ಪ ಜೋರಾಗಿಯೇ, "ಮೂರು ಎಂದು ನೀವೇ ಹೇಳಿದ್ದಲ್ಲವೇ?" ಎಂದೆ.

ಅವರು ದನಿ ಏರಿಸಲಿಲ್ಲ. "ಬಾಳೋ ಜೀವ್ಗಳ್ನ ಬಾಯ್ ಬುಟ್ ಎಣಿಸ್ತಾರಾ ಸಾಮಿ? ನೀವ್ ಕೇಳುದ್ರಿ, ಯೋಳ್ದೆ. ಮನೆವರ್ಗೂ ಬಂದಿದ್ರಲ್ಲ, ಕೊಟ್ಟಿಗೆ ತಾವ ಓಗಿ ವಸಿ ನೋಡಾಕೆ ಕಣ್ಣಿರ್ನಿಲ್ವಾ?" ಎಂದು ಟಗರಿನ ಹಗ್ಗ ಎಳೆದುಕೊಂಡು ಹೊರಟರು. ಕುರಿಗಳೆಲ್ಲ ಅವರ ಹಿಂದೆ ಹೋದವು.

ನಿಂತಲ್ಲೇ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಮೊಮ್ಮಕ್ಕಳು ಎಷ್ಟು ಎಂದು ಯಾರಾದರೂ ಕೇಳಿದರೆ "ದೇವರು ಕೊಟ್ಟಷ್ಟು" ಎನ್ನುತ್ತಿದ್ದವಳು, ಮರದ ಹಲಸಿನಕಾಯಿಗೆ ಬೆರಳು ತೋರಿಸಿ ಎಣಿಸಿದ್ದಕ್ಕೆ ನನ್ನ ಬೆರಳನ್ನು ನನ್ನಿಂದಲೇ ಕಚ್ಚಿಸಿದ್ದವಳು. ಕಣದಲ್ಲಿ ಧಾನ್ಯ ಅಳೆಯುವವರು ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದನ್ನು ನಾನೇನು ಕೇಳಿಲ್ಲವೇ? ದೂರದ ಸೀಮೆಯವರು ಎಂದುಕೊಂಡು ನಾನು ಇವರ ವಿಷಯವನ್ನು ಡೈರಿಯಲ್ಲಿ ಬರೆಯುತ್ತಿದ್ದೆ. ನಮ್ಮ ಮನೆಯ ಜಗಲಿಯಲ್ಲೇ ಅದೇ ನಂಬಿಕೆ ಕೂತಿತ್ತು, ನನಗೆ ಗುರುತು ಸಿಗಲಿಲ್ಲ. ಬಹಳ ನಾಚಿಕೆಯಾಯಿತು.

ಮರಿಸ್ವಾಮಿ ಜೇಬಿನಿಂದ ಬೀಡಿ ಕಟ್ಟಿನ ಕಾಗದವೊಂದನ್ನು ತೆಗೆದ. ಅದರ ಹಿಂದೆ ಪೆನ್ಸಿಲಿನಲ್ಲಿ ಮನೆಮನೆಯ ಲೆಕ್ಕ ಇತ್ತು. ಇನ್ನೂರ ಹದಿನೆಂಟು. ನಾನು ಮೂರು ಮೂರು ಎಂದು ಬರೆದ ದಿನವೇ ಬರೆದಿಟ್ಟದ್ದು.

"ಮತ್ತೆ ಹೇಳಲಿಲ್ಲ ಯಾಕಯ್ಯಾ?"

"ನೀವ್ ನನ್ನ ಕೇಳ್ನಿಲ್ವಲ್ಲ ಸಾ. ನಾನೇ ಮೇಲ್ ಬಿದ್ದು ಯೋಳುದ್ರೆ, ಡಾಕ್ಟ್ರಿಗೆ ಬುದ್ಧಿ ಯೋಳಾಕ್ ಬಂದ ಅಂತೀರಿ."

ಅನ್ನುತ್ತಿದ್ದೆ. ಅದೂ ನಿಜ.

ಮರುದಿನ ನಾನೇ ಮಂಡ್ಯಕ್ಕೆ ಓಡಿದೆ. ಅಲ್ಲಿ ಮದ್ದು ಮುಗಿದಿತ್ತು, ಬೆಂಗಳೂರಿನಿಂದ ಬರಬೇಕು ಎಂದರು. ಬರಲು ಎಂಟು ದಿನವಾಯಿತು. ಆ ಎಂಟು ದಿನ ನಾನು ಸಂಜೆ ಸಂಜೆಗೆ ಸೈಕಲ್ ಹತ್ತಿ ಏರಿಯ ಮೇಲೆ ಹೋಗಿ, ಸಣ್ಣತಾಯಮ್ಮನವರ ಕೊಟ್ಟಿಗೆ ಕಾಣುವಷ್ಟು ದೂರದಲ್ಲಿ ನಿಂತು ಬರುತ್ತಿದ್ದೆ. ಕಬ್ಬಿನ ಗದ್ದೆಗಳ ಮೇಲೆ ಹೊಗೆ ಹಾಸಿಕೊಳ್ಳುತ್ತಿತ್ತು, ಕುರಿಯೊಂದು ಕೆಮ್ಮಿದ ಸದ್ದಾದರೆ ಎರಡು ಹೆಜ್ಜೆ ಮುಂದೆ ಹೋಗಿ ಕಿವಿಗೊಡುತ್ತಿದ್ದೆ. ಕೊನೆಗೆ ಮಂಡ್ಯದಿಂದ ಮದ್ದು ತಂದ ದಿನ ಮದ್ದೂರಿನಲ್ಲಿ ಬಸ್ಸು ನಿಂತಾಗ, ಪಕ್ಕದಲ್ಲಿ ಕೂತಿದ್ದ, ಅಲ್ಲೇ ಹತ್ತಿರದ ಕೊಪ್ಪದ ರೈತರೊಬ್ಬರು ನನ್ನ ತೊಡೆಯ ಮೇಲಿನ ಫ್ಲಾಸ್ಕನ್ನೇ ನೋಡಿ, "ಒಬ್ರೇ ಕುಡಿಬೇಡಿ ಸಾ, ವಸಿ ನಮ್ಗೂ ಬಗ್ಸಿ" ಎಂದರು. ಕುರಿ ಸಿಡುಬಿನ ಮದ್ದು ಎಂದೆ. "ಅಂಗಾರೆ ಬ್ಯಾಡ ಬುಡಿ" ಎಂದು ಕಿಟಕಿಯ ಕಡೆ ತಿರುಗಿದರು. ಎಂಟು ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಉಳಿದ ಎಲ್ಲ ಕುರಿಗಳಿಗೂ ಲಸಿಕೆ ಹಾಕಿದೆವು. ಈ ಸಲ ಸಣ್ಣತಾಯಮ್ಮನವರ ಕೊಟ್ಟಿಗೆಯಿಂದಲೇ ಶುರು. ನಾನು ಬಾಯಿ ಬಿಡಲಿಲ್ಲ, ಟಗರನ್ನು ಹೊಗಳಲೂ ಇಲ್ಲ. ಒಂದು ತಿಂಗಳು ಕಳೆಯಿತು. ಹೊಳೆಯಾಚೆ ಸಿಡುಬು ತಣ್ಣಗಾಯಿತೆಂದು ಸುದ್ದಿ ಬಂತು. ಬಂಡೂರಿನಲ್ಲಿ ಏನಾಯಿತೆಂದು ತಿಳಿಯಬೇಕು, ಕೇಳುವ ಹಾಗಿಲ್ಲ. ಬೀಡಿ ಕಾಗದದ ಆ ಲೆಕ್ಕ ಅವನಿಗೆ ಹೇಗೆ ಸಿಕ್ಕಿತು ಎಂದು ಆಗ ಮರಿಸ್ವಾಮಿಯನ್ನು ಕೇಳಿದೆ. "ಕುರಿ ಎಷ್ಟು ಅನ್ಬಾರ್ದು ಸಾ. ದಿನುಕ್ಕೆ ಸೊಪ್ಪು ಎಷ್ಟ್ ಬೇಕಾಯ್ತದೆ ಅನ್ನಿ. ಸೊಪ್ಪಿನ್ ಲೆಕ್ಕ ಎಲ್ರೂ ಯೋಳ್ತಾರೆ" ಎಂದ.

ಸಂಜೆ ಹೋದೆ. ಸಣ್ಣತಾಯಮ್ಮ ಅಂಗಳದಲ್ಲಿ ಕುರಿಗಳಿಗೆ ಸೊಪ್ಪು ಬಿಡಿಸುತ್ತಿದ್ದರು. ಕೂತುಕೋ ಎನ್ನುವಂತೆ ಜಗಲಿ ತೋರಿಸಿದರು. ಮಜ್ಜಿಗೆ ಕುಡಿದು, ಮಳೆಯ ಮಾತಾಡಿ, ನಾಲೆಯ ನೀರಿನ ಮಾತಾಡಿ, ಆಮೇಲೆ ಮೆಲ್ಲಗೆ, "ಈಗ ಸೊಪ್ಪು ಎಷ್ಟು ಬೇಕಾಗ್ತದಮ್ಮ?" ಎಂದೆ.

ಅವರು ಮುಂದಿದ್ದ ಸೊಪ್ಪಿನಿಂದ ಒಂದು ಹಿಡಿ ತೆಗೆದು ಪಕ್ಕಕ್ಕಿಟ್ಟರು.

"ಮೊದ್ಲಿಗಿಂತ ಒಂದ್ ಹಿಡಿ ಕಮ್ಮಿ ಸಾಕು ಕಣಪ್ಪ" ಎಂದರು.

ಒಂದು ಹಿಡಿ ಸೊಪ್ಪನ್ನು ಒಂದು ಸಣ್ಣ ಮರಿ ತಿನ್ನುತ್ತದೆ. ಆ ಮರಿ ಎಂಟು ದಿನ ತಡವಾದದ್ದರಿಂದಲೇ ಸತ್ತಿತು ಎಂದು ನನ್ನ ಶಾಸ್ತ್ರ ಖಚಿತವಾಗಿ ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ. ನನಗೆ ದುಃಖವಾಯಿತು. ಅವರು ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದರು. ಮಾರನೆಯ ದಿನ ಕಚೇರಿಯಲ್ಲಿ ರಿಜಿಸ್ಟರು ತೆರೆದು, ಸಣ್ಣತಾಯಮ್ಮನವರ ಹೆಸರಿನ ಮುಂದೆ, ಸತ್ತವು ಎಂಬ ಕಡೆ ಒಂದು ಎಂದು ಬರೆದೆ. ಆ ಊರಿನಲ್ಲಿ ನಾನಾಗಿ ತಿಳಿದು ಬರೆದ ಮೊದಲ ಸರಿಯಾದ ಸಂಖ್ಯೆ ಅದು. ಅದನ್ನು ನನಗೆ ಯಾರೂ ಬಾಯಿ ಬಿಟ್ಟು ಎಣಿಸಿ ಹೇಳಿರಲಿಲ್ಲ.