ಉಪ್ಪು ಕೇಳಿದವಳ ಎರಡು ಕಥೆ

ಹೋದ ವಾರ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಸೊಸೆಯ ಕೈಗೆ ಒಂದು ಪಿಂಗಾಣಿ ಜಾಡಿ ಸಿಕ್ಕಿತು. ಮುಚ್ಚಳ ತೆಗೆದರೆ ತಳದಲ್ಲಿ ಕಲ್ಲುಪ್ಪು ಗಟ್ಟಿಯಾಗಿ, ಮಣ್ಣಿನ ಬಣ್ಣಕ್ಕೆ ತಿರುಗಿ ಕೂತಿತ್ತು. ಹಸಿ ಗೋಡೆಯಂಥ ಒಂದು ವಾಸನೆ... ಅವಳು ಅದನ್ನು ಕೆರೆದು ಮೋರಿಗೆ ಹಾಕಲು ಹೊರಟಾಗ ನಾನು ಕೂಗಿದ ಕೂಗಿಗೆ ಬೆಚ್ಚಿಬಿದ್ದಳು. ನಿಜಲಿಂಗಪ್ಪ ಬಡಾವಣೆಯ ಈ ಮನೆಗೆ ಬಂದ ಮೇಲೆ ನಾನು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು.

ಜಾಡಿ ಮಾವಶಿಯದು. ಮರಾಠಿಯಲ್ಲಿ ತಾಯಿಯ ಸೋದರಿಗೆ ಹೇಳುವ ಆ ಹೆಸರಿನಿಂದಲೇ ನಾವು ಮಕ್ಕಳು ಅವಳನ್ನು ಕರೆಯುತ್ತಿದ್ದೆವು. ದಾವಣಗೆರೆಯ ಹತ್ತಿ ಗಿರಣಿಯ ಹಿಂದಿನ ಸಾಲುಮನೆಗಳಲ್ಲಿ ಆಕೆ ನಮ್ಮ ಪಕ್ಕದವಳು. ಗಂಡ ನೇಯ್ಗೆ ಖಾತೆಯ ಮೇಸ್ತ್ರಿ, ಬೊಂಬಾಯಿಯಿಂದ ಬಂದವನು. ಸಾಲಿನವರು ಅವರನ್ನು ಕ್ರಿಸ್ತಾನರು ಎಂದುಕೊಂಡಿದ್ದರು. ಅಲ್ಲ, ಯೆಹೂದಿಗಳು, ಅವರಿಗಿಂತ ಹಳಬರು ಎಂದು ಮಾವಶಿ ತಾಳ್ಮೆಯಿಂದ ಹೇಳುತ್ತಿದ್ದಳು. ಯಾರಿಗೂ ತಲೆಗೆ ಹೋಗುತ್ತಿರಲಿಲ್ಲ. ಶುಕ್ರವಾರ ಸಂಜೆ ಗಾಜಿನ ಲೋಟದಲ್ಲಿ ಎಣ್ಣೆ ದೀಪ ಹಚ್ಚಿದರೆ ಶನಿವಾರ ಕತ್ತಲಾಗುವ ತನಕ ಒಲೆ ಹೊತ್ತಿಸುತ್ತಿರಲಿಲ್ಲ. ಕೋಳಿ ತಂದರೆ ಕಲ್ಲುಪ್ಪು ಸವರಿ, ರಕ್ತವೆಲ್ಲ ಇಳಿಸಿ, ತೊಳೆದೇ ಅಡುಗೆ. ಹಾಗಾಗಿ ಅವಳ ಮನೆಯಲ್ಲಿ ಏನಿಲ್ಲದಿದ್ದರೂ ಉಪ್ಪು ಇರುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ನಾವು ಚಿಕ್ಕಪ್ಪನ ಮನೆಯಲ್ಲಿದ್ದೆವು. ನನ್ನ ಅಕ್ಕನಿಗೆ ಭಾನುವಳ್ಳಿಯ ಸಂಬಂಧ ತಂದವಳು ಚಿಕ್ಕಮ್ಮನೇ. ಹುಡುಗ ಅವಳ ಸೋದರಮಾವನ ಮಗ. ಮದುವೆಯಾದ ವರ್ಷದೊಳಗೆ ಒಂದು ಮಧ್ಯಾಹ್ನ ಅಕ್ಕ ಒಬ್ಬಳೇ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. ಮೊಣಕೈ ತನಕ ಸುಟ್ಟ ಗಾಯ, ಮೈಯಲ್ಲಿ ಜ್ವರ. ಅಮ್ಮ ಅವಳನ್ನು ಒಳಕೋಣೆಯಲ್ಲಿ ಮಲಗಿಸಿದಳು. ಜ್ವರ ಇಳಿದರೆ ಎರಡು ದಿನದಲ್ಲಿ ದುರ್ಗದ ಕಡೆಯ ತನ್ನ ತವರಿಗೆ ಸಾಗಿಸಿಬಿಡುವುದು, ಅಲ್ಲಿಯ ತನಕ ಯಾರಿಗೂ ತಿಳಿಯಕೂಡದು. ಚಿಕ್ಕಮ್ಮ ತಲೆಯಾಡಿಸಿದಳು. ಅಕ್ಕನ ಹಣೆಗೆ ಒದ್ದೆ ಬಟ್ಟೆಯನ್ನೂ ಹಾಕಿದಳು.

ದೀಪ ಹಚ್ಚಿದ ಮೇಲೆ ನಮ್ಮ ಕಡೆ ಯಾರೂ ಉಪ್ಪು ಕೇಳುವುದಿಲ್ಲ, ಕೇಳಿದರೂ ಕೊಡುವುದಿಲ್ಲ. ಲಕ್ಷ್ಮಿ ಹೊರಟುಹೋಗುತ್ತಾಳೆ ಎನ್ನುವ ನಂಬಿಕೆ. ಅವತ್ತು ದೀಪ ಹಚ್ಚಿದ ಹೊತ್ತಿಗೆ ಸರಿಯಾಗಿ ಚಿಕ್ಕಮ್ಮ ಬಟ್ಟಲು ಹಿಡಿದು ಹೊರಬಿದ್ದಳು. ನಾನು ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡೆ.

"ದೀಪ ಹಚ್ಚಿ ಆಗೈತೆ, ಈಗ ಉಪ್ಪು ಕೇಳ್ತಾರೇನವ್ವಾ?"

"ಏನ್ ಮಾಡ್ಲಿ, ಭಾನುವಳ್ಳಿಗೆ ಕೊಟ್ಟ ಹುಡುಗಿ ಬಂದಾಳೆ. ಸಾರು ಹೆಚ್ಚಿಗೆ ಮಾಡ್ದೆ, ಉಪ್ಪು ಸಾಲ್ಲಿಲ್ಲ."

ಮೂರು ಮನೆ, ಮೂರು ಸಲ ಅದೇ ಪ್ರಶ್ನೆ, ಮೂರು ಸಲ ಅದೇ ಉತ್ತರ. ಅವಳಿಗೆ ಬೇಕಾಗಿದ್ದದ್ದು ಉಪ್ಪಲ್ಲ, ಆ ಪ್ರಶ್ನೆ. ನಾಲ್ಕನೆಯದು ಮಾವಶಿಯ ಮನೆ. ಮಾವಶಿ ಮಾತು ಕೇಳಿಸಿಕೊಂಡವಳೇ ಬಾಗಿಲು ಹಾಕಿಕೊಂಡು ಹಿತ್ತಲಿಂದ ನಮ್ಮ ಅಡುಗೆಮನೆಗೆ ಓಡಿಬಂದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಆಕಿ ಉಪ್ಪು ಕೇಳ್ತಿಲ್ಲ, ಊರಿಗೆಲ್ಲ ಸುದ್ದಿ ಹಂಚ್ತಿದಾಳೆ. ಹುಡುಗೀನ ನನ್ನ ಮನೆಯಾಗ ಬಿಡ್ರಿ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ನಾನೇ ಕರ್ಕೊಂಡು ಹೋಗ್ತೀನಿ."

ಅಮ್ಮ ಸೌಟು ಹಿಡಿದುಕೊಂಡು ನಿಂತಿದ್ದಳು. "ಬ್ಯಾಡ್ರಿ. ಮನೆ ಮಗಳನ್ನ ಬೇರೆಯೋರ ಮನೆಯಾಗ ಇಟ್ರೆ ಜನ ಏನಂತಾರೆ? ನನ್ನ ನೆಗೆಣ್ಣಿ ನಮ್ಮೋಳೇ ಅಲ್ವೇನ್ರಿ... ಹಂಗೆಲ್ಲ ಮಾಡಲ್ಲ."

ಮೂರನೆಯ ಮನೆಯವನ ಅಣ್ಣನಿಗೆ ಹರಿಹರದಲ್ಲಿ ಅಂಗಡಿ ಇತ್ತು. ಭಾನುವಳ್ಳಿಯವರು ದಿನ ಬೆಳಗಾದರೆ ಬರುವ ಅಂಗಡಿ. ಮರುದಿನ ಮಧ್ಯಾಹ್ನದ ಹೊತ್ತಿಗೆ ಭಾವ ಇನ್ನಿಬ್ಬರನ್ನು ಕಟ್ಟಿಕೊಂಡು ಬಂದ. ಜ್ವರದ ಮೈಯನ್ನು ಎಬ್ಬಿಸಿ, ಸೆರಗು ಸರಿಮಾಡಿಕೊಳ್ಳಲೂ ಬಿಡದೆ ಕರೆದುಕೊಂಡು ಹೋದರು. ಎರಡು ತಿಂಗಳ ನಂತರ ಅಕ್ಕ ನಾಲೆಯಲ್ಲಿ ಹೆಣವಾಗಿ ಸಿಕ್ಕಳು. ಬಟ್ಟೆ ಒಗೆಯುವಾಗ ಕಾಲು ಜಾರಿತಂತೆ. ಆಗ ಭದ್ರಾ ನಾಲೆಗೆ ನೀರು ಬಂದದ್ದು ಹೊಸತು, ಯಾರು ಏನು ಹೇಳಿದರೂ ನಂಬುವ ಕಾಲ.

ಆಮೇಲೆ ಅಮ್ಮ ಸಂಜೆಯಾದರೆ ಸಾಲಿನ ತುದಿಗೆ ಹೋಗಿ ಹರಿಹರದ ರಸ್ತೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಕರೆದರೂ ಬರುತ್ತಿರಲಿಲ್ಲ. ನಾನು ಎರಡು ದಿನ ಕರೆದೆ, ಮೂರನೆಯ ದಿನದಿಂದ ಬಿಟ್ಟೆ. ನನಗಾಗ ಹದಿಮೂರು. ನನ್ನ ಕಣ್ಣೆಲ್ಲ ಚಿಕ್ಕಮ್ಮನ ಮೇಲಿತ್ತು.

ಮಾವಶಿ ಒಂದು ದಿನ ನನ್ನ ತಲೆಗೆ ಎಣ್ಣೆ ಹಾಕುತ್ತ, ಚಿಕ್ಕಮ್ಮನ ಆಟ ತನಗೆ ಹೇಗೆ ಗೊತ್ತಾಯಿತೆಂದು ಹೇಳಿದಳು. ಅವರ ಗ್ರಂಥದಲ್ಲಿ ಒಬ್ಬಳು ಹೆಂಗಸು ಇದ್ದಾಳೆ. ಗಂಡನ ಹೆಸರು ಲೋಟ. ಅಕ್ಕ ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಆ ಹೆಸರು ಕೇಳಿಯೇ. ಪಾಪದ ಊರಿನ ಮೇಲೆ ದೇವರು ಬೆಂಕಿ ಸುರಿಸುವಾಗ ಆ ಸಂಸಾರವನ್ನು ಹೊರಗೆ ಕಳಿಸುತ್ತಾನೆ, ಹಿಂತಿರುಗಿ ನೋಡಬಾರದು ಎನ್ನುತ್ತಾನೆ. ಹೆಂಡತಿ ನೋಡುತ್ತಾಳೆ, ಉಪ್ಪಿನ ಕಂಬವಾಗುತ್ತಾಳೆ. ಗ್ರಂಥದಲ್ಲಿ ಇಷ್ಟೇ. ಅವಳಿಗೊಂದು ಹೆಸರೂ ಇಲ್ಲ.

"ಆದ್ರೆ ನಮ್ಮ ಹಳೇ ಗುರುಗಳು ಬಿಡೋರಲ್ಲ," ಎಂದಳು ಮಾವಶಿ. "ಕೂತು ಕೇಳಿದ್ರು, ಎಲ್ಲಾ ಬಿಟ್ಟು ಉಪ್ಪೇ ಯಾಕ?"

ಗ್ರಂಥ ಬಾಯಿ ಬಿಡದ ಕಡೆಯಲ್ಲೆಲ್ಲ ಆ ಗುರುಗಳು ಹೀಗೆ ಕೇಳಿಕೊಂಡು ಕಥೆ ಬೆಳೆಸುತ್ತಿದ್ದರಂತೆ. ಬೊಂಬಾಯಿಯಲ್ಲಿ ಅವಳ ಅಪ್ಪ ಅದನ್ನೆಲ್ಲ ಮಕ್ಕಳನ್ನು ಕೂರಿಸಿಕೊಂಡು ಹೇಳುತ್ತಿದ್ದನಂತೆ. ಉಪ್ಪೇ ಯಾಕೆಂದರೆ, ಲೋಟನ ಮನೆಗೆ ಗುಟ್ಟಾಗಿ ಅತಿಥಿಗಳು ಬಂದಿದ್ದರು. ಅತಿಥಿಗಳನ್ನು ಕಂಡರಾಗದ ಊರು ಅದು. ಹೆಂಡತಿ ಮನೆಮನೆಗೆ ಹೋಗಿ, ನೆಂಟರು ಬಂದಿದ್ದಾರೆ ಉಪ್ಪು ಕೊಡಿ ಎಂದು ಕೇಳಿ ಊರನ್ನೆಲ್ಲ ಬಾಗಿಲಿಗೆ ತಂದಳು. ಉಪ್ಪಿನಿಂದ ಮಾಡಿದ್ದಕ್ಕೆ ಉಪ್ಪೇ ಆದಳು.

ನನಗೆ ಅವತ್ತು ಆದ ಸಂತೋಷ ಈಗಲೂ ನೆನಪಿದೆ. ಜಗತ್ತಿನಲ್ಲಿ ಎಲ್ಲೋ ಯಾರೋ ಗಡ್ಡದ ಮುದುಕರು ನನ್ನ ಚಿಕ್ಕಮ್ಮನನ್ನು ಹಿಡಿದು ಹಾಕಿದ್ದರು!

ನಾನು ಆ ಕಥೆಯನ್ನು ನಲ್ಲಿಯ ಹತ್ತಿರ ಸಾಲಿನ ಮಕ್ಕಳಿಗೆಲ್ಲ ಹೇಳಿದೆ. ನಾನೂ ಬೆಳೆಸಿದೆ. ಆ ಹೆಂಗಸಿನ ಕೈಗೆ ಚಿಕ್ಕಮ್ಮನ ನೆಗ್ಗಿದ ಬಟ್ಟಲು ಕೊಟ್ಟೆ, ಅವಳ ಹಾಗೆ ಎಡಗಾಲು ಎಳೆದು ನಡೆಸಿದೆ, ಅವಳ ಹಾಗೆ "ಏನ್ ಮಾಡ್ಲಿ" ಅನ್ನಿಸಿದೆ. ಹೆಸರು ಮಾತ್ರ ಹೇಳಲಿಲ್ಲ. ತಿಂಗಳೊಳಗೆ ಚಿಕ್ಕಮ್ಮ ದಾರಿಯಲ್ಲಿ ಬಂದರೆ ಮಕ್ಕಳು ಅಂಗೈ ನೆಕ್ಕಿ ಮುಖ ಹಿಂಡುತ್ತಿದ್ದವು. ದೊಡ್ಡವರು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಅವಳು ನಲ್ಲಿಗೆ ಬರುವುದನ್ನೇ ಬಿಟ್ಟಳು. ಅವಳ ಮಗಳನ್ನು ನೋಡಲು ಹರಿಹರದಿಂದ ಬಂದವರ ಜೊತೆಗಿದ್ದ ಹುಡುಗಿಯೊಬ್ಬಳು ಬಾಗಿಲಲ್ಲೇ ನಿಂತು, "ಉಪ್ಪಿನ ಕಂಬದ ಮನೆ ಇದೇನಾ?" ಎಂದು ಕೇಳಿಬಿಟ್ಟಳು. ಕಥೆ ಅಲ್ಲಿಯ ತನಕ ಹೋಗಿತ್ತು. ಹೋದವರು ತಿರುಗಿ ಸುದ್ದಿ ಕಳಿಸಲಿಲ್ಲ. ಅವತ್ತು ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮಾವಶಿಗೆ ಇದು ತಿಳಿದ ದಿನ ನನ್ನನ್ನು ಕರೆದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

"ಇನ್ನೊಬ್ಬ ಗುರು ಬೇರೇನೇ ಹೇಳ್ಯಾರೆ. ಅದನ್ನೂ ಕೇಳು. ಲೋಟನ ಹೆಂಡ್ತಿ ಹೆಣ್ಮಕ್ಕಳು ಆ ಊರಾಗೇ ಲಗ್ನ ಆಗಿ ಉಳಿದಿದ್ರು. ಹಿಂದೆ ಬರ್ತಾವೇನೋ ಅಂತ ಕರುಳು ತಡೀಲಾರ್ದೆ ತಿರುಗಿ ನೋಡಿದ್ಲು. ಅದಕ್ಕೇ ಅಲ್ಲೇ ನಿಂತ್ಲು."

"ಎರಡ್ರಾಗ ಯಾವುದು ಖರೆ?"

"ನಾವು ಎರಡೂ ಇಟ್ಕೊಂಡೀವಿ," ಎಂದು ಮಾವಶಿ ಬಾಗಿಲಾಚೆಗೆ ಗದ್ದ ತೋರಿಸಿದಳು. ಹೊರಗೆ ಚಿಕ್ಕಮ್ಮ ಬಟ್ಟೆ ಒಣಹಾಕುತ್ತಿದ್ದಳು. ಅವಳಿಗೂ ಮಗಳಿದ್ದಾಳೆ, ಕರುಣೆ ಇರಲಿ ಎನ್ನುತ್ತಿದ್ದಾಳೆ ಎಂದುಕೊಂಡೆ. ಮೈಯೆಲ್ಲ ಉರಿದುಹೋಯಿತು. ನಿನ್ನ ಎರಡನೆಯ ಕಥೆ ನೀನೇ ಇಟ್ಟುಕೋ ಎಂದು ಎದ್ದು ಬಂದೆ.

ಮಾವಶಿಯ ಜೊತೆ ಮತ್ತೆ ಮಾತಾಡಲಿಲ್ಲ. ಮುಂದಿನ ವರ್ಷ ಅವರು ಗಿರಣಿ ಬಿಟ್ಟರು. ಮೊದಲು ಬೊಂಬಾಯಿಗೆ, ಅಲ್ಲಿಂದ ಹಡಗು ಹತ್ತಿ ತಮ್ಮವರ ದೇಶಕ್ಕೆ. ಜಟಕಾ ಬಂದು ನಿಂತಾಗ ಮಾವಶಿ ನನ್ನ ಹೆಸರು ಹಿಡಿದು ಎರಡು ಸಲ ಕೂಗಿದಳು. ನಾನು ಒಳಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಜಾಡಿಯನ್ನು ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಇಟ್ಟುಹೋಗಿದ್ದಳು.

ಅಮ್ಮ ಆ ಜಾಡಿಯನ್ನು ಮುಟ್ಟಲಿಲ್ಲ. ಸಾಯುವ ತನಕ, ಹನ್ನೊಂದು ವರ್ಷ, ಸಂಜೆಯಾದರೆ ಸಾಲಿನ ತುದಿಗೆ ಹೋಗಿ ನಿಂತಳು.

ಚಿಕ್ಕಮ್ಮನನ್ನು ನಾನು ಕ್ಷಮಿಸಿಲ್ಲ. ಮುದಿವಯಸ್ಸಿನಲ್ಲಿ ಡಾಕ್ಟರು ಅವಳಿಗೆ ಉಪ್ಪು ಬಿಡಿಸಿದರು ಎಂದು ಕೇಳಿ ಕುಣಿದಾಡುವಷ್ಟು ಖುಷಿಯಾಗಿತ್ತು, ನಾಚಿಕೆಯೇನಿಲ್ಲ. ಅವಳು ಸತ್ತಾಗ ಹೋಗಲಿಲ್ಲ. ಮೊಮ್ಮಕ್ಕಳಿಗೂ ಮೊದಲನೆಯ ಕಥೆಯನ್ನೇ ಹೇಳಿದ್ದೇನೆ, ನೆಗ್ಗಿದ ಬಟ್ಟಲಿನ ಸಮೇತ.

ಆದರೆ ಹೋದ ವಾರ ಆ ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ಮಾವಶಿಯ ಬಾಗಿಲು ಕಣ್ಣಿಗೆ ಕಟ್ಟಿತು. ಅಂಗಳದಲ್ಲಿ ಚಿಕ್ಕಮ್ಮ ಬಟ್ಟೆ ಒಣಹಾಕುತ್ತಿದ್ದದ್ದು ನಿಜ. ಅವಳ ಆಚೆಗೆ, ಸಾಲಿನ ತುದಿಯಲ್ಲಿ, ಸಂಜೆ ಬಿಸಿಲಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಅಮ್ಮ ನಿಂತಿದ್ದಳು. ಮಾವಶಿಯ ಗದ್ದ ತಿರುಗಿದ್ದು ಅಷ್ಟು ದೂರಕ್ಕೆ... ಹೋಗಿ ನಿನ್ನ ತಾಯಿಯನ್ನು ಒಳಗೆ ಕರೆದುಕೊಂಡು ಬಾ ಎಂದು ಹೇಳಲು ಅವಳಿಗೆ ಬೇರೆ ದಾರಿ ತಿಳಿದಿರಲಿಲ್ಲ.

ಹನ್ನೊಂದು ವರ್ಷ ಅಮ್ಮ ಅಲ್ಲಿ ಒಬ್ಬಳೇ ನಿಂತಳು. ನಾನು ನಲ್ಲಿಯ ಹತ್ತಿರ ಕಥೆ ಹೇಳುತ್ತಿದ್ದೆ.