ಹಗ್ಗ ಅಲುಗಲಿಲ್ಲ

ನಮ್ಮ ಹೊಲದ ಬಾವಿಯಲ್ಲಿ ನೀರು ನಿಂತಾಗ ಮನೆಯವರೆಲ್ಲ ಹಿಗ್ಗಿದರು. ನಾನು ಹಿಗ್ಗಲಿಲ್ಲ. ಮದುವೆಯಾಗಿ ಕ್ಯಾಸಂಬಳ್ಳಿ ಹತ್ತಿರದ ಈ ಮನೆಗೆ ಬಂದಾಗ ಅದೊಂದು ಒಣ ಗುಂಡಿ, ತಳದಲ್ಲಿ ಜಾಲಿ ಬೆಳೆದಿತ್ತು. ನನ್ನ ವಾರಿಗೆಯವರಲ್ಲಿ ಈಜು ಬಲ್ಲವರನ್ನು ಹುಡುಕಬೇಕು. ನೀರೇ ಇಲ್ಲದ ಮೇಲೆ ಎಲ್ಲಿ ಕಲಿಯುವುದು? ಆಮೇಲೆ ಒಳ್ಳೆಯ ಮಳೆಯಾಗಿ ಕೆರೆ ಬಾವಿ ತುಂಬಿದವು, ಜನ ಮುಳುಗಿ ಸಾಯುವುದೂ ಶುರುವಾಯಿತು.

ನನ್ನ ತಮ್ಮ ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತದ್ದು ಮೂವತ್ತು ದಾಟಿದ ಮೇಲೆ. ಬಂಗಾರಪೇಟೆಯಲ್ಲಿ ಅವನದೊಂದು ಪಂಕ್ಚರ್ ಅಂಗಡಿ. ಅಲ್ಲಿ ಮುಳುಗಿದವರನ್ನು ಎತ್ತುವ ತಂಡ ಕಟ್ಟಿದ್ದ ಕೆಲವರ ಜೊತೆ ಇವನೂ ಸೇರಿದ. ಉಸಿರು ಬಿಗಿಹಿಡಿದು ತಳ ಮುಟ್ಟಿ ಬರುವ ಅಭ್ಯಾಸ ಆಗ ಹತ್ತಿಕೊಂಡಿತು. ಒಬ್ಬ ಕೆಳಗಿದ್ದರೆ ಈಜು ಬಲ್ಲ ಇನ್ನೊಬ್ಬ ಮೇಲಿರಲೇಬೇಕು ಎಂಬುದು ತಂಡದ ಕಟ್ಟುನಿಟ್ಟು. ಆದರೆ ಅವರು ಸೇರುತ್ತಿದ್ದದ್ದು ಭಾನುವಾರ ಮಾತ್ರ. ಇವನಿಗೆ ಅಷ್ಟು ಸಾಲದು. ಮಿಕ್ಕ ದಿನ ಗಾಡಿ ಹತ್ತಿ ನಮ್ಮ ಬಾವಿಗೆ ಬರುತ್ತಿದ್ದ. ಮೇಲೆ ಕಾಯುವವಳು ನಾನು, ಈಜು ಬಾರದ ಅಕ್ಕ.

ಅದಕ್ಕೇ ಹಗ್ಗ. ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ನನ್ನ ಕೈಗೆ. ಅವನು ಜಗ್ಗಿದರೆ ನಾನು ಎಳೆಯಬೇಕು, ಜಗ್ಗದಿದ್ದರೆ ಸುಮ್ಮನಿರಬೇಕು. ಇದು ಅಪ್ಪನಿಂದ ಬಂದ ಬುದ್ಧಿ. ಅಪ್ಪ ನಂದಿದುರ್ಗ ಚಿನ್ನದ ಗಣಿಯ ಬಾಯಲ್ಲಿ, ಆಳುಗಳನ್ನು ಇಳಿಸಿ ಹತ್ತಿಸುವ ಕೇಜಿಗೆ ಗಂಟೆ ಹೊಡೆಯುವ ಕೆಲಸದಲ್ಲಿದ್ದರು. "ಕೆಳಗ್ನಿಂದ ಬೆಲ್ ಬರ್ದೆ ಹಗ್ಗ ಅಳ್ಳಾಡ್ಬಾರ್ದು. ಕೆಳಗಿರೋನ ಕಷ್ಟ ಕೆಳಗಿರೋನಿಗೇ ಗೊತ್ತು" ಎಂದು ಉರಿಗಾಂನಲ್ಲಿ ಗಣಿಯವರು ಕೊಟ್ಟ ಲೈನ್ ಮನೆಯಲ್ಲಿ ಉಣ್ಣುವಾಗಲೂ ಹೇಳುತ್ತಿದ್ದರು. ನಾವಿಬ್ಬರೂ ಅದನ್ನು ಮಗ್ಗಿಯ ಹಾಗೆ ಕಲಿತಿದ್ದೆವು.

ಆ ದಿನ ತಮ್ಮ ಬಾವಿಯ ಮೆಟ್ಟಿಲ ಮೇಲೆ ಕೂತು ತಿದಿ ಒತ್ತಿದ ಹಾಗೆ ಬುಸುಬುಸು ಉಸಿರಾಡತೊಡಗಿದ.

"ಏನ್ಲಾ ಇದು, ಹಸ ಈಯೋ ಹಂಗೆ?" ಎಂದೆ.

"ಇಂಗ್ ಮಾಡಿದ್ರೆ ಉಸ್ರು ಬೇಕು ಅನ್ಸೋದು ತಡ ಆಯ್ತದೆ ಅಕ್ಕ. ಮೊಬೈಲ್‌ನಾಗೆ ನೋಡ್ದೆ."

"ಬೇಕು ಅನ್ನಿಸ್ದೇ ಇದ್ರೆ ಮೇಲಕ್ಕೆ ಬರೋದ್ಯಾವಾಗ್ಲಾ?"

"ನಂಗೆ ಗೊತ್ತಾಯ್ತದೆ. ನೀನು ಹಗ್ಗ ಇಡ್ಕೊ, ಸಾಕು."

ಮುಳುಗಿದ. ಸ್ವಲ್ಪ ಹೊತ್ತು ಗುಳ್ಳೆ ಬಂದವು, ಆಮೇಲೆ ಅವೂ ನಿಂತವು. ಕಲಕಿದ್ದ ನೀರು ಸಮವಾಯಿತು. ಹಗ್ಗ ನನ್ನ ಅಂಗೈಯಲ್ಲಿ ಸುಮ್ಮನೆ ಬಿದ್ದಿತ್ತು. ಎಳೆಯಲೇ ಎಂದುಕೊಂಡೆ, ಅಪ್ಪನ ಮಾತು ಅಡ್ಡ ಬಂತು. ಹೊಲದಲ್ಲಿ ಕೂಗಿದರೆ ಕೇಳುವವರಿಲ್ಲ, ನೀರಿಗೆ ಬಿದ್ದರೆ ನಾನೂ ಹೆಣವೇ. ಒಂದು ಸಲ ಜಗ್ಗೋ, ನಿನ್ನ ದಮ್ಮಯ್ಯ, ಎಂದು ಆ ನೀರಿಗೆ ಬೇಡಿಕೊಂಡೆ. ಕೊನೆಗೆ ಅಪ್ಪನೂ ಬೇಡ, ಗಣಿಯೂ ಬೇಡ ಎಂದು ಎಳೆದೇ ಬಿಟ್ಟೆ.

ಎಚ್ಚರವಿರುವ ಮನುಷ್ಯ ಎಳೆತಕ್ಕೆ ತಾನೂ ಕೈಕಾಲು ಆಡಿಸುತ್ತಾನೆ. ಇವನು ನೆಂದ ಗೋಣಿಚೀಲದ ಹಾಗೆ ಬಂದ. ತುಟಿ ನೇರಳೆ ತಿಂದ ಬಣ್ಣ, ಕಣ್ಣು ಅರೆ ತೆರೆದಿದ್ದವು. ತಲೆಯನ್ನು ಮೆಟ್ಟಿಲಿಗೆ ಎಳೆದುಕೊಂಡು ಕೆನ್ನೆಗೆ ಹೊಡೆದೆ, ಹೆಸರು ಹಿಡಿದು ಕೂಗಿದೆ, ಬಾಯಿಗೆ ಬಾಯಿಟ್ಟು ಊದಿದೆ. ಸರಿಯೋ ತಪ್ಪೋ ಯಾರಿಗೆ ಗೊತ್ತು. ಎಷ್ಟೋ ಹೊತ್ತಿಗೆ ಗೊರಕೆಯಂಥ ಒಂದು ಉಸಿರು ಬಂತು. ನನಗೆ ಅಳುವುದಕ್ಕೂ ಶಕ್ತಿ ಇರಲಿಲ್ಲ.

"ಯಾಕಕ್ಕ ಎಳ್ದೆ?" ಇದು ಅವನ ಮೊದಲ ಮಾತು. "ಆರಾಮಾಗಿದ್ದೆ."

ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡರು. ಎಚ್ಚರ ತಪ್ಪುವ ಮುಂಚೆ ಯಾವ ಸೂಚನೆಯೂ ಸಿಗದೆ ಇರಬಹುದು, ಹಾಗೆ ಬುಸುಗುಟ್ಟಿ ಇಳಿಯಲೇಬೇಡ ಎಂದು ಡಾಕ್ಟರು ಬಿಡಿಸಿ ಹೇಳಿದರು. ಎಮ್ಮೆ ಮೇಲೆ ಮಳೆ ಸುರಿದ ಹಾಗಾಯಿತು. ವಾರ ಕಳೆಯುವಷ್ಟರಲ್ಲಿ ಅವನ ಗಾಡಿ ನಮ್ಮ ಹೊಲದ ಹತ್ತಿರ ನಿಂತಿತ್ತು.

"ನೀನು ಎದ್ರಿ ಎಳ್ದಿದ್ದೀಯ. ಇನ್ಮೇಲೆ ನಾನೊಬ್ನೇ ಇಳೀತೀನಿ, ಹಗ್ಗಾನೂ ಬೇಡ" ಎಂದ.

ನಾನು ಕಂಡ ತುಟಿಯನ್ನು ಅವನು ಕಂಡಿರಲಿಲ್ಲ. ಅವನಿಗೆ ನೆನಪಿದ್ದದ್ದು ಆ ಆರಾಮ ಒಂದೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಏನು ಹೇಳಲಿ? ಬಾಯಿಗೆ ಬಂದ ಸುಳ್ಳು ಹೇಳಿದೆ.

"ನೀನೇ ಜಗ್ಗಿದ್ದಲ್ವೇನ್ಲಾ? ಒಂದ್ಸಲ ಅಲ್ಲ, ಮೂರು ಸಲ."

ನಗಲು ಹೋದವನು ನಿಲ್ಲಿಸಿದ. "ನಂಗೆ ನೆಪ್ಪೇ ಇಲ್ವಲ್ಲಕ್ಕ" ಎಂದ. ಮುಖ ಬಿಳಿಚಿಕೊಂಡಿತು. ಡಾಕ್ಟರಿಗೆ ಹೆದರದವನು ತನ್ನ ಮರೆವಿಗೆ ಹೆದರಿದ. ಅವತ್ತು ನೀರಿಗಿಳಿಯದೆ ಹೋದ. ಆಮೇಲೆ ಭಾನುವಾರ ಮಾತ್ರ, ತಂಡದ ಜೊತೆ ಮಾತ್ರ. ಬದುಕಿಕೊಂಡ ಎಂದು ನಾನು ದೇವರಿಗೆ ಕಾಯಿ ಒಡೆಸಿದೆ.

ಹೋದ ತಿಂಗಳು ಬಂಗಾರಪೇಟೆಗೆ ಹೋದವಳು ಅವನ ಅಂಗಡಿಗೆ ಹೋದೆ. ತಂಡಕ್ಕೆ ಹೊಸದಾಗಿ ಸೇರಿದವನೊಬ್ಬನಿಗೆ ತಮ್ಮ ಪಾಠ ಹೇಳುತ್ತಿದ್ದ. "ಎದ್ರಬೇಡ. ಹಗ್ಗ ಕಟ್ಕೊಂಡ್ರೆ ಆಯ್ತು. ಪ್ರಜ್ಞೆ ತಪ್ಪಿದ್ರೂ ಕೈ ತಾನೇ ಜಗ್ತದೆ. ನಮ್ಮಕ್ಕನ್ನೇ ಕೇಳು."

ಇಬ್ಬರೂ ನನ್ನ ಕಡೆ ತಿರುಗಿದರು. ಹೌದು ಎಂದರೆ ಆ ಹೊಸಬ ಸಾಯುತ್ತಾನೆ. ಇಲ್ಲ ಎಂದರೆ ಹೆದರಿಕೆ ಬಿಟ್ಟು ಮತ್ತೆ ಒಬ್ಬನೇ ಇಳಿದು ನನ್ನ ತಮ್ಮ.

"ಅವ್ನು ಜಗ್ಗಲಿಲ್ಲ ಕಣಪ್ಪ" ಎಂದೆ. "ಹಗ್ಗ ಅಳ್ಳಾಡ್ಲೇ ಇಲ್ಲ. ಎದ್ರಿ ನಾನೇ ಎಳ್ದೆ."

ತಮ್ಮ ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟು ಒಳಗೆ ಹೋದ. ಅಂದಿನಿಂದ ನನ್ನ ಫೋನು ಎತ್ತುತ್ತಿಲ್ಲ. ತಂಡದವರನ್ನು ಕೇಳಿದರೆ, ಭಾನುವಾರ ಅವನು ಬರುವುದನ್ನು ಬಿಟ್ಟಿದ್ದಾನೆ ಎನ್ನುತ್ತಾರೆ. ಯಾವ ನೀರಿಗೆ ಇಳಿಯುತ್ತಿದ್ದಾನೋ, ಮೇಲೆ ಯಾರಾದರೂ ಇದ್ದಾರೋ ಇಲ್ಲವೋ, ಅವರಿಗೂ ಗೊತ್ತಿಲ್ಲ.