ನರ್ಸಿನ ಜೀಪು ಮತ್ತು ನಮ್ಮ ಸುರಂಗದ ನೀರು

ನರ್ಸ್ ಒಂದು ತೊಟ್ಟು ಡೀಸೆಲನ್ನೂ ನುಂಗಿರಲಿಲ್ಲ. ಸರಕಾರ ಪಂಚಾಯತಿಗೆ ಕೊಡುವ ಹಣದಲ್ಲಿ ಕಡಿತ ಮಾಡಿತು, ಪಂಚಾಯತಿಯವರು ಜೀಪಿನ ಓಡಾಟ ಕಡಿಮೆ ಮಾಡಿದರು. ನಡೆದದ್ದು ಇಷ್ಟೇ. ಉಳಿದದ್ದು ನಮ್ಮ ಗುಡ್ಡದವರು ಕಟ್ಟಿದ ಕಥೆ.

ಹಾಸಿಗೆ ಹಿಡಿದವರ ಮನೆಗೇ ಬಂದು ಶುಶ್ರೂಷೆ ಮಾಡುವ ನರ್ಸ್ ಅವಳು. ಕೆಳಗಿನ ಮನೆಯವಳ ಗಂಡ ಪಾರ್ಶ್ವವಾಯು ಬಡಿದು ಮಲಗಿದ್ದಾನೆ. ಅವನ ಮೂತ್ರದ ಟ್ಯೂಬ್ ಬದಲಿಸುವುದು, ಬೆನ್ನಿನ ಹುಣ್ಣು ತೊಳೆಯುವುದು ಅವಳೇ. ವಾರಕ್ಕೊಮ್ಮೆ ಬರುತ್ತಿದ್ದ ಜೀಪು ತಿಂಗಳಿಗೊಮ್ಮೆ ಆಯಿತು. ಕೆಳಗಿನ ಮನೆಯವಳು ನರ್ಸಿನ ಮೇಲೆ ದೂರು ಬರೆಸಿ, ಮನೆಮನೆಯಲ್ಲಿ ಸಹಿ ಹಾಕಿಸುತ್ತ ನನ್ನ ಜಗಲಿಗೂ ಬಂದಳು.

"ಡೀಸೆಲಿನ ಹಣ ಅವಳೇ ತಿನ್ನುವುದು ಅಕ್ಕ."

"ನೀನು ನೋಡಿದ್ದುಂಟಾ?"

"ನೋಡ್ಲಿಕ್ಕೆ ಎಂತ ಉಂಟು? ನಮ್ಮಲ್ಲಿಗೆ ಬರುವವಳು ಅವಳೇ ಅಲ್ವಾ?"

ನಾನು ಸಹಿ ಹಾಕಲಿಲ್ಲ. ನರ್ಸಿನದು ಖಾಯಂ ಕೆಲಸವಲ್ಲ. ದೂರು ಹೋದರೆ ಅವಳನ್ನು ತೆಗೆಯುತ್ತಾರೆ, ತಿಂಗಳಿಗೊಮ್ಮೆ ಬರುವುದೂ ನಿಲ್ಲುತ್ತದೆ. ಆಮೇಲೆ ಟ್ಯೂಬ್ ಬದಲಿಸುವವರು ಯಾರು?

ಶಾಲೆ ನನಗೆ ನಾಲ್ಕನೆಯ ಕ್ಲಾಸಿಗೇ ಮುಗಿಯಿತು. ಆದರೆ ನನಗೊಂದು ಬ್ಲಾಗ್ ಇದೆ. ಗಡಿನಾಡಾದ ನಮ್ಮಲ್ಲಿ ಸರಕಾರದ ಕಾಗದ ಬರುವುದು ಮಲಯಾಳದಲ್ಲಿ, ನಮ್ಮ ಗುಡ್ಡದ ಹೆಚ್ಚಿನವರಿಗೆ ಓದಲು ಬರುವುದು ಕನ್ನಡ. ಟೀಚರಾಗಿರುವ ಸೊಸೆ ಓದಿ ಹೇಳುತ್ತಾಳೆ. ನನಗೆ ಅರ್ಥವಾಗುವವರೆಗೆ ಪೀಡಿಸುತ್ತೇನೆ, ಆಮೇಲೆ ನಾನು ಹೇಳಿದಂತೆ ಅವಳು ಟೈಪ್ ಮಾಡುತ್ತಾಳೆ. ನನಗೆ ಅರ್ಥವಾಗದ್ದು ಬ್ಲಾಗಿಗೆ ಹೋಗುವುದಿಲ್ಲ.

ಪಂಚಾಯತ್ ಆಫೀಸಿಗೆ ಹೋಗಿ ಕೇಳಿದೆ.

"ಕೊನೆಯ ಕಂತು ಬರಲೇ ಇಲ್ಲ ಅಮ್ಮ, ರಸ್ತೆಗೂ ಇಲ್ಲ, ಜೀಪಿಗೂ ಇಲ್ಲ" ಎಂದ ಕ್ಲಾರ್ಕ್.

"ಅದನ್ನು ಬೋರ್ಡಿನಲ್ಲಿ ಬರೀಲಿಕ್ಕೆ ನಿಮಗೆ ಎಂತ ಕಷ್ಟ?"

"ಬರೆದಿದ್ದೇವಲ್ಲ."

ಬರೆದಿದ್ದರು. ಮಲಯಾಳದಲ್ಲಿ.

ಸಂಜೆ ಸೊಸೆ ಫೋನ್ ಹಿಡಿದು ಕುಳಿತಳು. "ಅತ್ತೆ, ಯೋಜನಾ ನಿಧಿಯ ಕಡಿತ ಅಂತ ಶುರು ಮಾಡುವನಾ?"

"ಮಾಡು, ಯಾರೂ ಓದುವುದು ಬೇಡ ಅಂತಾದರೆ."

ನಾನು ಸುರಂಗದಿಂದ ಶುರು ಮಾಡಿಸಿದೆ. ಗುಡ್ಡದೊಳಕ್ಕೆ ಅಡ್ಡ ಕೊರೆದ ಸುರಂಗದಿಂದ ನಮ್ಮೆಲ್ಲರಿಗೂ ನೀರು. ಮೇಲಿನ ಮನೆಯ ಟ್ಯಾಂಕಿ ತುಂಬಿದ ಮೇಲೆ ಕೆಳಗಿನ ಮನೆಗೆ. ನೀರು ಕಡಿಮೆಯಾದರೆ ಪ್ರತಿಯೊಬ್ಬರೂ ಜಗಳಕ್ಕೆ ಹೋಗುವುದು ತಮಗಿಂತ ಒಂದು ಮೆಟ್ಟಿಲು ಮೇಲಿನ ಮನೆಗೆ. ಹೋದ ಬೇಸಗೆಯಲ್ಲಿ ಹಾಗೆ ಕಚ್ಚಾಡಿ ಕಚ್ಚಾಡಿ, ಕೊನೆಗೆ ಮೇಲೆ ಹತ್ತಿ ನೋಡಿದರೆ ಸುರಂಗದ ಒಳಗೇ ಮಣ್ಣು ಕುಸಿದಿತ್ತು. ನರ್ಸ್ ನಮಗಿಂತ ಒಂದು ಮೆಟ್ಟಿಲು ಮೇಲಿನ ಮನೆ, ಅಷ್ಟೇ. ಈ ಸಲ ಮಣ್ಣು ಬಿದ್ದದ್ದು ಸರಕಾರ ಕೂತಿರುವ ತಿರುವನಂತಪುರದಲ್ಲಿ ಎಂದು ಬರೆಸಿದೆ.

ಮರುದಿನ ಮಧ್ಯಾಹ್ನ ಕೆಳಗಿನ ಮನೆಯವಳು ಫೋನನ್ನು ಮುಂದೆ ಚಾಚಿಕೊಂಡೇ ಹತ್ತಿ ಬಂದಳು.

"ನನ್ನನ್ನು ಊರಿಗೇ ತೋರಿಸಿಬಿಟ್ಟಿರಲ್ಲ ಅಕ್ಕ!"

"ನಿನ್ನ ಹೆಸರೆಲ್ಲುಂಟು ಅದರಲ್ಲಿ?"

"ಹೆಸರು ಬೇಕಾ? ಹೋದ ಬೇಸಗೆ ನಿಮ್ಮ ಟ್ಯಾಂಕಿಯ ಹತ್ತಿರ ನಿಂತು ಬೊಬ್ಬೆ ಹೊಡೆದದ್ದು ಯಾರು ಅಂತ ಎಲ್ಲರಿಗೂ ಗೊತ್ತುಂಟು."

"ನನಗೂ ಗೊತ್ತುಂಟು. ನನ್ನ ಏಳು ತಲೆಮಾರಿಗೆ ಬೈದಿದ್ದಿ. ನನ್ನ ಟ್ಯಾಂಕಿಯೂ ಒಣಗಿತ್ತು ಮಾರಾಯ್ತಿ."

ಅವಳು ಜಗಲಿಯ ಮೇಲೆ ಕುಳಿತಳು. ಆಮೇಲೆ ಕೇಳಿದಳು: "ಅವರ ಬೆನ್ನಿನ ಹುಣ್ಣು ಜಾಸ್ತಿಯಾಗಿದೆ ಅಕ್ಕ. ಹಾಗಾದರೆ ನಾನು ಬೈಯುವುದು ಯಾರಿಗೆ?"

"ಮೇಲೆ ಹತ್ತಿ ಬೈ. ನರ್ಸಿನ ಮೇಲಿನ ದೂರನ್ನು ಹರಿದು ಬಿಸಾಡು. ಜೀಪು ವಾರಕ್ಕೊಮ್ಮೆ ಬರಬೇಕು, ಅದಕ್ಕೆ ಹಣ ಕೊಡಿ ಅಂತ ಸರಕಾರಕ್ಕೆ ಬರೆ. ಈಗ ಮೊದಲ ಸಹಿ ನನ್ನದು."

ಅವಳು ದೂರನ್ನು ನನ್ನ ಒಲೆಗೇ ಹಾಕಿದಳು. ಸೊಸೆ ಶಾಲೆಯಿಂದ ಬಂದವಳೇ ಹೊಸ ಅರ್ಜಿ ಬರೆದಳು, ಕನ್ನಡದಲ್ಲೇ. ಕತ್ತಲಾಗುವ ಮೊದಲು ಅದೇ ಮನೆಗಳನ್ನು ಮತ್ತೆ ಸುತ್ತಿದೆವು.

ಮಾರನೆಯ ಬೆಳಿಗ್ಗೆ ಕೆಳಗಿನ ಮನೆಯವಳ ಗಂಡನಿಗೆ ಗಂಜಿ ಕುಡಿಸಿ, ಸೊಸೆಗೆ ರಜೆ ಹಾಕಿಸಿ ಅವನ ಹತ್ತಿರ ಕೂರಿಸಿ, ನಾವಿಬ್ಬರು ಮೊದಲ ಬಸ್ಸಿಗೆ ಹೊರಟು ವಿದ್ಯಾನಗರದ ಕಲೆಕ್ಟರ್ ಆಫೀಸಿಗೆ ಹೋದೆವು. ಸರಕಾರಕ್ಕೆ ಕಳಿಸಿ ಎಂದು ಅರ್ಜಿ ಕೊಟ್ಟೆ. ಠಸ್ಸೆ ಹೊಡೆದ ರಶೀದಿ ಕೈಗೆ ಬರುವವರೆಗೆ ಕಿಟಕಿಯ ಮುಂದಿನಿಂದ ಸರಿಯಲಿಲ್ಲ.